ಸಹಾಯ ಬೇಕು: ಅಡಿಕೆ ರೇಟಿನ ಟೇಬಲ್ ಟಾಕ್‌ಬ್ಯಾಕ್‌ನಲ್ಲಿ ಸರಿಯಾಗಿ ಓದ್ತಿಲ್ಲ

ಎಲ್ರಿಗೂ ನಮಸ್ಕಾರ, ತೀರ್ಥಹಳ್ಳಿ ಕಡೆ ಒಂದು ಬೆಳೆಗಾರರ ಸಂಘದ ವೆಬ್‌ಸೈಟ್ ನಾನು ನೋಡ್ಕೊಳ್ತೀನಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ಬಗೆಗಳ ರೇಟನ್ನ ಮೊದಲು ಫೋಟೋ ಮಾಡಿ ಹಾಕ್ತಿದ್ರು, ನಮ್ಮಲ್ಲಿ ಕಣ್ಣು ಕಾಣದ ಹಿರಿಯ ಬೆಳೆಗಾರರೊಬ್ರು ಟಾಕ್‌ಬ್ಯಾಕ್ (ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಆಂಡ್ರಾಯ್ಡ್ ಸೌಲಭ್ಯ) ಇಟ್ಕೊಂಡೇ ಮೊಬೈಲ್ ಬಳಸೋದು, ಅವ್ರಿಗೆ ಫೋಟೋದಲ್ಲಿ ಏನೂ ಸಿಗಲ್ಲ, ಅದಕ್ಕೆ ಟೇಬಲ್ ಮಾಡ್ದೆ. ಈಗ ಓದುತ್ತೆ, ಆದ್ರೆ ಬರೀ ಅಂಕಿ. ರಾಶಿದೋ ಗೊರಬಲುದೋ, ಕನಿಷ್ಠಾನೋ ಗರಿಷ್ಠಾನೋ ಗೊತ್ತಾಗಲ್ಲ. ರೇಟು ತಿಳ್ಕೊಳ್ಳೋಕೆ ಅವ್ರು ಇನ್ನೊಬ್ರನ್ನ ಕರೀಬೇಕು ಅಂದ್ರೆ ಸೈಟ್ ಯಾಕಿರಬೇಕು ಹೇಳಿ.

ಹೆಡಿಂಗ್‌ಗೆ ಟಿಎಚ್ (ಇದು ಹೆಡಿಂಗ್ ಸೆಲ್ ಅಂತ ಹೇಳೋ ಎಚ್‌ಟಿಎಂಎಲ್ ಟ್ಯಾಗ್) ಹಾಕಿ, ಅದು ಸಾಲಿಗೋ ಕಾಲಮ್ಮಿಗೋ ಅಂತ ತಿಳಿಸೋ ಸ್ಕೋಪ್ ಕೊಟ್ಟೆ. ತಿಳಿ ಬೂದು ಅಕ್ಷರಾನೂ ಗಾಢ ಮಾಡಿ, ಅಕ್ಷರಕ್ಕೂ ಹಿನ್ನೆಲೆಗೂ ಇರೋ ಕಾಂಟ್ರಾಸ್ಟ್ 4.5:1 ದಾಟಿಸ್ದೆ, ಅದ್ರಿಂದ ಕಣ್ಣು ಮಂಜಾದವ್ರಿಗೆ ಅನುಕೂಲ ಆಯ್ತು. ಲ್ಯಾಪ್‌ಟಾಪಲ್ಲಿ ಎನ್‌ವಿಡಿಎ (ಕಂಪ್ಯೂಟರಲ್ಲಿ ಓದಿ ಹೇಳೋ ಸಾಫ್ಟ್‌ವೇರ್) ಹಾಕಿದ್ರೆ ಹೆಡಿಂಗ್ ಸಮೇತ ಓದುತ್ತೆ, ಮೊಬೈಲಲ್ಲಿ ಮಾತ್ರ ಇಲ್ಲ. ಸಣ್ಣ ಸ್ಕ್ರೀನಿಗೆ ಅಂತ ಸಿಎಸ್‌ಎಸ್‌ನಲ್ಲಿ (ಪುಟ ಹೆಂಗೆ ಕಾಣಬೇಕು ಅಂತ ಹೇಳೋ ಕೋಡ್) ಟೇಬಲ್ಲಿಗೆ ಡಿಸ್‌ಪ್ಲೇ ಬ್ಲಾಕ್ ಕೊಟ್ಟಿದೆ, ಹಂಗೆ ಕೊಟ್ರೆ ಬ್ರೌಸರ್ ಅದನ್ನ ಟೇಬಲ್ ಅಂತಲೇ ಲೆಕ್ಕಕ್ಕೆ ತಗೊಳ್ದೇ ಇರಬಹುದಂತೆ, ಅಲ್ಲೇ ಸಿಕ್ಕಾಕೊಂಡಿದೀನಿ.

ಯಾವ್ದು ಟೇಬಲ್, ಯಾವ್ದು ರೋ, ಯಾವ್ದು ಸೆಲ್ ಅಂತ ಬ್ರೌಸರಿಗೆ ಹೇಳೋ ರೋಲ್‌ಗಳನ್ನ ಕೋಡಲ್ಲಿ ಮತ್ತೆ ಹಾಕಿದ್ರೆ ಟಾಕ್‌ಬ್ಯಾಕ್ ಹೆಡಿಂಗ್ ಓದುತ್ತಾ, ಅಥವಾ ಟೇಬಲ್ಲೇ ಬಿಟ್ಟು "ರಾಶಿ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು" ಅಂತ ಒಂದೊಂದು ಸಾಲು ಬರೆಯೋದೇ ವಾಸಿನಾ? ಮೊಬೈಲಲ್ಲಿ ಮಾಡಿ ನೋಡಿದೋರು ದಯವಿಟ್ಟು ಹೇಳಿ.