ಬರೆದಿಟ್ಟ ಟಿಪ್ಪಣಿ ಬೇಕಾದಾಗ ಕೈಗೆ ಸಿಗುವಂತೆ ಇಡುವುದು ಹೇಗೆ?

ಪ್ರಶ್ನೆ: ಧಾರವಾಡದವಳು

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಮನೆಯ ವ್ಯವಹಾರವನ್ನೆಲ್ಲ ಮೊಬೈಲಿನ ಗೂಗಲ್ ಕೀಪ್‌ನಲ್ಲಿ ಬರೆದಿಡುತ್ತ ಬಂದಿದ್ದೇನೆ. ಅತ್ತೆಯವರ ರಕ್ತದೊತ್ತಡದ ಲೆಕ್ಕ, ಔಷಧಿ ಬದಲಾದ ದಿನ, ವಿದ್ಯುತ್ ಬಿಲ್ಲಿನ ಆರ್.ಆರ್. ಸಂಖ್ಯೆ, ಊರಿನ ಹೊಲದ ಸರ್ವೆ ನಂಬರು, ಬಾಡಿಗೆಯವರು ಮುಂಗಡ ಕೊಟ್ಟ ತಾರೀಖು, ಹಪ್ಪಳದ ಅಳತೆ ಎಲ್ಲವೂ ಸೇರಿ ಈಗ ನಾಲ್ಕುನೂರಕ್ಕೂ ಹೆಚ್ಚು ಟಿಪ್ಪಣಿಗಳಾಗಿವೆ. ಬರೆಯುವುದರಲ್ಲಿ ನನಗೆ ಬೇಸರವಿಲ್ಲ, ತೊಡಕಿರುವುದು ಹುಡುಕುವುದರಲ್ಲಿ. ಕಳೆದ ವಾರ ವೈದ್ಯರು ಒಂದು ಮಾತ್ರೆಯನ್ನು ಯಾವಾಗ ನಿಲ್ಲಿಸಿದಿರಿ ಎಂದು ಕೇಳಿದರು. ಅದನ್ನು ಬರೆದಿಟ್ಟದ್ದು ಚೆನ್ನಾಗಿ ನೆನಪಿದ್ದರೂ ಅವರೆದುರು ಹತ್ತು ನಿಮಿಷ ಬೆರಳಾಡಿಸಿ ಕೊನೆಗೆ ಅಂದಾಜಿನ ಮೇಲೆ ಉತ್ತರ ಹೇಳಬೇಕಾಯಿತು. ಮನೆಗೆ ಬಂದು ಒಂದೊಂದಾಗಿ ತೆರೆದು ನೋಡಿದರೆ, ನಾನು ಹುಡುಕಿದ್ದು ‘ಮಾತ್ರೆ’, ಅಂದು ಬರೆದದ್ದು ‘ಗುಳಿಗೆ’! ತಪ್ಪು ತಂತ್ರಾಂಶದ್ದಲ್ಲ, ನನ್ನದೇ. ಬೇರೆ ತಂತ್ರಾಂಶಕ್ಕೆ ಹೋಗಬೇಕೆ, ಅಥವಾ ಇದನ್ನೇ ಅಚ್ಚುಕಟ್ಟಾಗಿ ಬಳಸುವ ಕ್ರಮವೇನಾದರೂ ಇದೆಯೆ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ಗುಮಾಸ್ತ

ಮೇಡಂ, ತಂತ್ರಾಂಶ ಬದಲಿಸಬೇಡಿ. ಬದಲಿಸಿದರೆ ಇದೇ ನಾಲ್ಕುನೂರು ಟಿಪ್ಪಣಿಗಳು ಇನ್ನೊಂದು ಕಡೆ ಇದೇ ಸ್ಥಿತಿಯಲ್ಲಿ ಕುಳಿತಿರುತ್ತವೆ. ನಾನು ಮೂವತ್ತು ವರ್ಷ ಕಚೇರಿಯಲ್ಲಿ ಕಡತಗಳ ನಡುವೆ ಕಳೆದವನು. ಅಲ್ಲಿ ಒಂದು ಪತ್ರ ಬಂದ ಕೂಡಲೇ ಹೊಸ ಕಡತ ತೆರೆಯುವ ಪದ್ಧತಿಯಿರಲಿಲ್ಲ. ಆ ವಿಷಯಕ್ಕೆ ಮೊದಲೇ ಕಡತವಿದ್ದರೆ ಪತ್ರ ಅದರೊಳಗೇ ಸೇರಬೇಕಿತ್ತು. ಮೊಬೈಲಿನಲ್ಲಿ ನಾವು ಮಾಡುವುದು ಇದಕ್ಕೆ ತೀರ ವಿರುದ್ಧ, ಏಕೆಂದರೆ ಹೊಸ ಟಿಪ್ಪಣಿ ತೆರೆಯುವ ಗುಂಡಿ ಕಣ್ಣೆದುರಿಗೇ ಇರುತ್ತದೆ. ಅತ್ತೆಯವರ ಔಷಧಿಗೆ ಒಂದೇ ಟಿಪ್ಪಣಿ ಇರಲಿ. ಹೊಸ ಸಂಗತಿಯನ್ನು ದಿನಾಂಕದೊಡನೆ ಮೇಲಿನ ಸಾಲಿಗೆ ಸೇರಿಸಿ, ಹಳೆಯದು ಕೆಳಗೆ ಸರಿಯುತ್ತ ಹೋಗಲಿ. ಆಗ ವೈದ್ಯರೆದುರು ನೀವು ಹುಡುಕಬೇಕಾಗಿಲ್ಲ, ಓದಿದರೆ ಸಾಕು. ಅದನ್ನು ಪಿನ್ ಮಾಡಿದರೆ ಸದಾ ಮೇಲೆಯೇ ನಿಲ್ಲುತ್ತದೆ. ಮನೆಯವರ ಜೊತೆ ಹಂಚಿಕೊಂಡರೆ ನೀವಿಲ್ಲದ ದಿನವೂ ಅವರು ಬರೆಯಬಹುದು.

ಮುಗಿದ ವಿಷಯಗಳನ್ನು ಅಳಿಸದೆ ಆರ್ಕೈವ್‌ಗೆ ಕಳುಹಿಸಿ. ಅವು ಕಣ್ಣಿಗೆ ಅಡ್ಡ ಬರುವುದಿಲ್ಲ, ಹುಡುಕಿದಾಗ ಮಾತ್ರ ಬರುತ್ತವೆ. ಅಳಿಸಿದರೆ ಕಸದ ಬುಟ್ಟಿಯಲ್ಲಿ 7 ದಿನ ಮಾತ್ರ ಉಳಿಯುತ್ತವೆ. ಲೇಬಲ್‌ಗಳು ಐದಾರು ಇದ್ದರೆ ಸಾಕು.

ಉತ್ತರ: ಕರಡು ತಿದ್ದುವವನು

ಹಿರಿಯರು ಹೇಳಿದ್ದು ಸರಿ. ಆದರೆ ‘ಗುಳಿಗೆ’ಯ ಪ್ರಸಂಗದಲ್ಲಿ ಇನ್ನೊಂದು ಮಾತೂ ಅಡಗಿದೆ. ಕನ್ನಡದಲ್ಲಿ ಹುಡುಕುವುದು ಇಂಗ್ಲಿಷಿನಲ್ಲಿ ಹುಡುಕಿದಂತಲ್ಲ, ನಮ್ಮ ಪದಗಳು ವಿಭಕ್ತಿ ಸೇರಿದೊಡನೆ ರೂಪ ಬದಲಿಸುತ್ತವೆ. ‘ಮನೆ’ ಎಂದು ಹುಡುಕಿದರೆ ‘ಮನೆಯ’, ‘ಮನೆಗೆ’ ಎರಡೂ ಸಿಗುತ್ತವೆ, ಏಕೆಂದರೆ ಮೂಲ ಪದ ಹಾಗೆಯೇ ಉಳಿದಿದೆ. ‘ಹಾಲು’ ಹಾಗಲ್ಲ. ‘ಹಾಲಿನ’, ‘ಹಾಲಿಗೆ’ ಎಂದಾಗ ಕೊನೆಯ ಉಕಾರ ಬಿದ್ದುಹೋಗಿರುತ್ತದೆ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವ ಯಂತ್ರಕ್ಕೆ ಅದು ಬೇರೆಯೇ ಪದ. ಆದ್ದರಿಂದ ಉಕಾರಾಂತ ಪದಗಳನ್ನು ಕೊನೆಯ ಕೊಂಬು ಬಿಟ್ಟು ‘ಹಾಲ’, ‘ಬಿಲ್ಲ’ ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಅಂಕಿಗಳ ಕಥೆಯೂ ಇದೇ. ಒಂದು ದಿನ ೨೦೨೪, ಇನ್ನೊಂದು ದಿನ 2024 ಎಂದು ಬರೆದರೆ ಎರಡೂ ಒಟ್ಟಿಗೆ ಸಿಗುವ ಭರವಸೆಯಿಲ್ಲ. ನನಗೆ ಕನ್ನಡ ಅಂಕಿಗಳ ಮೇಲೆ ಪ್ರೀತಿ ಹೆಚ್ಚು. ಆದರೂ ದಿನಾಂಕವನ್ನು ಮಾತ್ರ 2024-06-15 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಯುತ್ತೇನೆ. ಹಳೆಯ ಕಂಪ್ಯೂಟರಿನಿಂದ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶಗಳ ಕಡತಗಳನ್ನು ತಂದು ಅಂಟಿಸುವವರು ಇನ್ನೂ ಎಚ್ಚರದಿಂದಿರಬೇಕು. ಯೂನಿಕೋಡ್ ಎಂಬ ಇಂದಿನ ಅಕ್ಷರ ಸಂಕೇತ ಪದ್ಧತಿಗೆ ಮುಂಚಿನ ಆ ಕಡತಗಳಲ್ಲಿ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್ ಮಾತ್ರ. ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್‌ಗೆ ತಂದ ಮೇಲೆಯೇ ಅಂಟಿಸಬೇಕು, ಇಲ್ಲವಾದರೆ ಅದನ್ನು ನೀವೂ ಓದಲಾರಿರಿ, ಯಂತ್ರವೂ ಹುಡುಕಲಾರದು.

ಗುಳಿಗೆ, ಮಾತ್ರೆ, ಔಷಧ ಎಂಬ ಮೂರನ್ನೂ ಆ ಟಿಪ್ಪಣಿಯ ಕೊನೆಯ ಸಾಲಿನಲ್ಲಿ ಬರೆದಿಡಿ. ಯಾವ ಪದ ಬಾಯಿಗೆ ಬಂದರೂ ಟಿಪ್ಪಣಿ ಸಿಗುತ್ತದೆ.

ಉತ್ತರ: ಅಡಿಕೆ ತೋಟ, ತೀರ್ಥಹಳ್ಳಿ

ನಾನು ಕೃಷಿಕ, ಬಳಸುವುದು ಒನ್‌ನೋಟ್. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅಲ್ಲಿ ಬರೆದದ್ದು ಮನೆಗೆ ಬಂದಾಗ ತಾನಾಗಿ ಕಂಪ್ಯೂಟರಿಗೂ ಸೇರುತ್ತದೆ. ನನಗೆ ಮುಖ್ಯವಾದದ್ದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನಾಂಕ. ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಬಾಯಿಪಾಠ, ಅದನ್ನು ಬರೆದಿಡುವ ಅಗತ್ಯವಿಲ್ಲ. ಆದರೆ ಮಳೆ ಹಿಡಿಯುವ ಮೊದಲು ಒಮ್ಮೆ ಹೊಡೆದು ಸುಮಾರು 40–45 ದಿನಗಳ ನಂತರ ಮತ್ತೆ ಹೊಡೆಯಬೇಕಾದಾಗ, ಯಾವ ತುಂಡು ಯಾವತ್ತು ಮುಗಿಯಿತು, ಮಳೆ ಬಂದು ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದು ಯಾರ ತಲೆಯಲ್ಲೂ ಉಳಿಯುವುದಿಲ್ಲ. ತೋಟದ ಪ್ರತಿ ತುಂಡಿಗೂ ಒಂದು ಪುಟ ಮಾಡಿದ್ದೇನೆ.

ನಿಜ ಹೇಳಬೇಕೆಂದರೆ ಆಳುಗಳ ಮುಂಗಡದ ಲೆಕ್ಕ ಈಗಲೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆಯೇ ಇದೆ. ಅದು ನನ್ನ ಹೆಂಡತಿಯ ಇಲಾಖೆ. ತಿಂಗಳ ಕೊನೆಗೆ ಆ ಹಾಳೆಯ ಫೋಟೋ ತೆಗೆದು ಪುಟಕ್ಕೆ ಸೇರಿಸುತ್ತೇನೆ, ಅಷ್ಟೆ. ಎಲ್ಲವನ್ನೂ ಮೊಬೈಲಿಗೆ ತರಲು ಹೊರಟರೆ ಮನೆಯಲ್ಲಿ ಶಾಂತಿ ಉಳಿಯದು.

ಉತ್ತರ: ಬೆಂಗಳೂರಿನ ತಂತ್ರಜ್ಞ

ಒಂದು ಎಚ್ಚರಿಕೆ ಮಾತ್ರ. ಬ್ಯಾಂಕಿನ ಪಾಸ್‌ವರ್ಡ್, ಎಟಿಎಂ ಪಿನ್ ಇವನ್ನು ಯಾವ ಟಿಪ್ಪಣಿಯಲ್ಲೂ ಬರೆಯಬೇಡಿ, ಅದಕ್ಕೆ ಬೇರೆಯೇ ತಂತ್ರಾಂಶಗಳಿವೆ. ಉಚಿತ ಸೇವೆಯ ನಿಯಮಗಳು ಯಾವಾಗ ಬೇಕಾದರೂ ಬದಲಾಗಬಹುದು: 2023ರ ಡಿಸೆಂಬರಿನಲ್ಲಿ ಎವರ್‌ನೋಟ್ ತನ್ನ ಉಚಿತ ಖಾತೆಯನ್ನು 50 ಟಿಪ್ಪಣಿಗಳಿಗೆ ಸೀಮಿತಗೊಳಿಸಿತು. ಆದ್ದರಿಂದ ವರ್ಷಕ್ಕೆರಡು ಬಾರಿ ಗೂಗಲ್ ಟೇಕ್‌ಔಟ್‌ನ ಮೂಲಕ ಕೀಪ್‌ನ ಟಿಪ್ಪಣಿಗಳನ್ನೆಲ್ಲ ಇಳಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಮುಂದೆಂದಾದರೂ ಬದಲಾಯಿಸುವ ಮನಸ್ಸಾದರೆ ಒಬ್ಸಿಡಿಯನ್ ನೋಡಬಹುದು. ಅದು ಟಿಪ್ಪಣಿಗಳನ್ನು ನಿಮ್ಮದೇ ಸಾಧನದಲ್ಲಿ ಸರಳ ಪಠ್ಯದ ಕಡತಗಳಾಗಿ ಇಡುವುದರಿಂದ, ನಾಳೆ ಆ ತಂತ್ರಾಂಶ ಇಲ್ಲವಾದರೂ ಕಡತಗಳನ್ನು ತೆರೆದು ಓದಬಹುದು.

ಮರುನುಡಿ: ಧಾರವಾಡದವಳು

ಎಲ್ಲರಿಗೂ ಧನ್ಯವಾದಗಳು. ಗುಮಾಸ್ತರು ಹೇಳಿದಂತೆ ಎರಡು ಮಧ್ಯಾಹ್ನ ಕುಳಿತು ಔಷಧಿಯ ಮೂವತ್ತೊಂದು ಟಿಪ್ಪಣಿಗಳನ್ನು ಒಂದೇ ಟಿಪ್ಪಣಿಯನ್ನಾಗಿ ಮಾಡಿದೆ. ಹೊಲದ ಕಾಗದಪತ್ರಗಳದ್ದು ಇನ್ನೂ ಬಾಕಿಯಿದೆ. ಹಪ್ಪಳದ ಅಳತೆಯನ್ನು ಎಷ್ಟು ದಿನಗಳಿಂದಲೋ ‘ಉದ್ದು’ ಎಂದು ಹುಡುಕಿ ಸೋತಿದ್ದೆ. ನಿನ್ನೆ ಕೊಂಬು ಬಿಟ್ಟು ‘ಉದ್ದ’ ಎಂದು ಬರೆದೆ. ಮೊದಲು ಕಿಟಕಿ ಪರದೆಯ ಉದ್ದಗಲ ಬಂತು, ಅದರ ಕೆಳಗೆ ‘ಉದ್ದಿನ ಹಿಟ್ಟು ಎರಡು ಸೇರು’ ಎಂಬ ಸಾಲು ಕಾಣಿಸಿತು.