ಡಿಎನ್‌ಎ ಗಂಟಿಗೆ 11/3 ಅಂತ ಯಾಕೆ ಬರೆಯುತ್ತಾರೆ?

ಗಂಗೋತ್ರಿ_ಹಾಸ್ಟೆಲ್

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಎಸ್ಸಿ ಮಾಲಿಕ್ಯುಲಾರ್ ಬಯಾಲಜಿ ಓದುತ್ತಿದ್ದೇನೆ. ಪಿಯುಸಿ ಆದಮೇಲೆ ಗಣಿತ ಮುಟ್ಟಿಲ್ಲ. ಮುಂದಿನ ವಾರ ನನ್ನ ಸೆಮಿನಾರ್ ಇದೆ, ವಿಷಯ ಟಿಎನ್3 ರಿಸಾಲ್ವೇಸ್ ಅನ್ನುವ ಕಿಣ್ವ. ಉಂಗುರದ ಹಾಗಿರುವ ಡಿಎನ್‌ಎಯನ್ನು ಅದು ಎರಡು ಕಡೆ ಕತ್ತರಿಸಿ, ತುದಿಗಳನ್ನು ತಿರುಗಿಸಿ, ಮತ್ತೆ ಅಂಟಿಸುತ್ತದೆ. ಇಷ್ಟು ಅರ್ಥವಾಗಿದೆ. ಆದರೆ ಅರ್ನ್ಸ್ಟ್ ಮತ್ತು ಸಮ್ನರ್ಸ್ ಅನ್ನುವ ಗಣಿತದವರು 1990ರಲ್ಲಿ ಡಿಎನ್‌ಎ ಸಿಕ್ಕನ್ನೇ ಭಾಗಲಬ್ಧ ಸಂಖ್ಯೆ ಅಂತ ಹಿಡಿದು, ಕೂಡಿಸಿ, ಸಮೀಕರಣ ಬಿಡಿಸಿದ್ದಾರೆ. ನೂಲಿನ ಸಿಕ್ಕಿಗೂ ಭಿನ್ನರಾಶಿಗೂ ಏನು ಸಂಬಂಧ? ನನ್ನ ರೂಮ್‌ಮೇಟ್ ಗಣಿತದವಳು, ವಕ್ರರೇಖೆಗಳ ಮೇಲೆ ಭಾಗಲಬ್ಧ ಬಿಂದುಗಳನ್ನು ಹುಡುಕುವ ಪಾಠ ಓದುತ್ತಿದ್ದಾಳೆ. ಆ ಭಾಗಲಬ್ಧವೂ ಇದೂ ಒಂದೇನಾ, ಇಲ್ಲ ಹೆಸರು ಮಾತ್ರ ಒಂದೇನಾ? ಅವಳಿಗೂ ಗೊತ್ತಿಲ್ಲ. ಯಾರಾದರೂ ಸುಲಭವಾಗಿ ಹೇಳಿಕೊಡಿ ಪ್ಲೀಸ್.

ಮದ್ದೂರು_ಮೇಷ್ಟ್ರು

ನೋಡಮ್ಮ, ಮೊದಲು ಹಗ್ಗ ಹಿಡಿ, ಆಮೇಲೆ ಪುಸ್ತಕ ತೆಗಿ. ಇದು ಜಾನ್ ಕಾನ್ವೇ ಅನ್ನುವ ಗಣಿತಜ್ಞ ಕಂಡುಹಿಡಿದದ್ದು, ನಾನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹಸು ಕಟ್ಟುವ ಹಗ್ಗದಲ್ಲೇ ಮಾಡಿಸುತ್ತೇನೆ. ಎರಡು ಬಣ್ಣದ ಎರಡು ಹಗ್ಗ, ಅಕ್ಕಪಕ್ಕ ಅಡ್ಡಡ್ಡ. ನಾಲ್ಕು ತುದಿಗೆ ನಾಲ್ಕು ಜನ. ಈಗ ಲೆಕ್ಕ 0.

ಕೆಲಸ ಎರಡೇ. ಒಂದು "ಸುತ್ತು": ಬಲಗಡೆಯ ಇಬ್ಬರು ಜಾಗ ಬದಲಾಯಿಸುತ್ತಾರೆ, ಒಬ್ಬರು ಇನ್ನೊಬ್ಬರ ಹಗ್ಗದ ಕೆಳಗೆ ನುಸುಳುತ್ತಾರೆ, ಯಾವಾಗಲೂ ಅದೇ ರೀತಿ. ಆಗ ಲೆಕ್ಕಕ್ಕೆ 1 ಸೇರುತ್ತದೆ. ಇನ್ನೊಂದು "ತಿರುಗು": ನಾಲ್ಕೂ ಜನ ಒಂದೊಂದು ಮೂಲೆ ಮುಂದೆ ಹೋಗುತ್ತಾರೆ. ಆಗ ಭಿನ್ನರಾಶಿ ತಲೆಕೆಳಗು ಮಾಡಿ ಚಿಹ್ನೆ ಬದಲಿಸಬೇಕು. ಮೂರು ಸಲ ಸುತ್ತು, 3 ಬಂತು. ತಿರುಗು, -1/3. ಸುತ್ತು, 2/3. ತಿರುಗು, -3/2. ಸುತ್ತು, -1/2. ಸುತ್ತು, 1/2. ತಿರುಗು, -2. ಇನ್ನೆರಡು ಸುತ್ತು, 0. ಹಗ್ಗ ನೋಡು, ಸಿಕ್ಕು ಪೂರ್ತಿ ಬಿಚ್ಚಿಕೊಂಡಿರುತ್ತದೆ! ಬರೀ ಸುತ್ತುತ್ತಾ ತಿರುಗಿಸುತ್ತಾ ಸಿಕ್ಕು ಮಾಡಿದ್ದು, ಬಿಡಿಸಿದ್ದೂ ಹಾಗೇ, ಒಂದು ಸಲವೂ ಹಿಂದಕ್ಕೆ ಸುತ್ತಲಿಲ್ಲ. ದಾರಿ ತೋರಿಸಿದ್ದು ಭಿನ್ನರಾಶಿ. ಎಷ್ಟು ವರ್ಷ ಮಾಡಿಸಿದರೂ ಈ ಜಾಗದಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ.

ಭಾಗಲಬ್ಧವೇ ಯಾಕೆ ಅಂದರೆ, ನಾಲ್ಕು ಮೂಲೆಯ ದಿಂಬು ನೆನೆಸಿಕೋ, ಆ ಮೂಲೆಗಳೇ ಹಗ್ಗದ ನಾಲ್ಕು ತುದಿ. ಒಂದು ಮೂಲೆಯಿಂದ ನೂಲನ್ನು ಒಂದೇ ಓರೆಯಲ್ಲಿ ದಿಂಬಿನ ಮೇಲೆ ಎಳೆಯುತ್ತಾ ಹೋಗು, ಅಂಚು ಬಂದರೆ ಹಿಂಬದಿಗೆ ದಾಟಿಸು. ಇಳಿಜಾರು ಭಾಗಲಬ್ಧ ಸಂಖ್ಯೆಯಾಗಿದ್ದರೆ ನೂಲು ಇನ್ನೊಂದು ಮೂಲೆಗೆ ಸರಿಯಾಗಿ ಬಂದು ಮುಟ್ಟುತ್ತದೆ. ಅಭಾಗಲಬ್ಧವಾದರೆ ಎಷ್ಟು ಸುತ್ತಿದರೂ ಮೂಲೆ ಸಿಗುವುದಿಲ್ಲ. ನಿನ್ನ ರೂಮ್‌ಮೇಟ್ ಓದುವುದರಲ್ಲೂ ಮೊದಲ ಪಾಠ ಇಳಿಜಾರೇ. (0, 0) ಸುತ್ತ 1 ತ್ರಿಜ್ಯದಲ್ಲಿ ಬರೆದ ವೃತ್ತದ ಎಡತುದಿಯಿಂದ 2/3 ಇಳಿಜಾರಿನ ಗೆರೆ ಎಳೆದರೆ ವೃತ್ತವನ್ನು (5/13, 12/13)ರಲ್ಲಿ ಮುಟ್ಟುತ್ತದೆ. 5, 12, 13 ಲಂಬಕೋನ ತ್ರಿಭುಜ ಸಿಕ್ಕಿತಲ್ವಾ. ಹಾಗಾಗಿ ಬರೀ ಹೆಸರಿನ ಸಾಮ್ಯ ಅಲ್ಲ, ಬೇರು ಒಂದೇ.

ಜೆಲ್_ಓಡಿಸುವವ

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ, ಲ್ಯಾಬ್ ಕಡೆಯದ್ದು ನಾನು ಸೇರಿಸುತ್ತೇನೆ. ಕಿಣ್ವ ಹಿಡಿದುಕೊಂಡ ಜಾಗದ ಹೊರಗಿರುವ ಡಿಎನ್‌ಎ ಸಿಕ್ಕು -1/3. ಕಿಣ್ವ ಒಂದೊಂದು ಸಲ ಕೆಲಸ ಮಾಡಿದಾಗಲೂ 1 ಸೇರುತ್ತದೆ. ಕೂಡಿಸಿ ನೋಡಿ: 2/3, 5/3, 8/3, 11/3. ಸಿಕ್ಕಿನ ತುದಿಗಳನ್ನು ಒಂದಕ್ಕೊಂದು ಸೇರಿಸಿ ಮುಚ್ಚಿದರೆ 2/3 ಅಂದರೆ ಸರಪಳಿ ಕೊಂಡಿಯ ಹಾಗೆ ಸೇರಿದ ಎರಡು ಉಂಗುರ. 5/3 ಎಂಟರ ಆಕಾರದ ಗಂಟು. 8/3 ವೈಟ್‌ಹೆಡ್ ಕೊಂಡಿ, ಅಂದರೆ ಇನ್ನೂ ಸಿಕ್ಕಾಗಿ ಹೆಣೆದ ಎರಡು ಉಂಗುರ. 11/3 ಆರು ಕಡೆ ಎಳೆ ಹಾಯುವ ಒಂದು ಗಂಟು. ಈ ಕೊನೆಯದ್ದು ಸಿಗಬೇಕು ಅಂತ ಮೊದಲೇ ಊಹಿಸಿದ್ದರು, 1985ರಲ್ಲಿ ವಾಸರ್ಮನ್, ಡಂಗನ್, ಕೋಜರೆಲಿ ಅದನ್ನು ನಿಜವಾಗಿಯೂ ಕಂಡರು. ಮೊದಲ ಮೂರು ಫಲಿತಾಂಶ ಇಟ್ಟುಕೊಂಡರೆ ಹೊರಗೆ -1/3, ಪ್ರತಿ ಸಲ 1 ಅನ್ನುವ ಉತ್ತರ ಒಂದೇ ಅಂತ ಸಾಧಿಸಿದ್ದು 1990ರ ಲೇಖನ.

ಸೆಮಿನಾರಿನಲ್ಲಿ ಒಂದು ಮಾತು ಮರೆಯದೆ ಹೇಳಿ. ಜೆಲ್‌ನಲ್ಲಿ (ಡಿಎನ್‌ಎಯನ್ನು ವಿದ್ಯುತ್ತಿನಿಂದ ಓಡಿಸಿ ಬೇರ್ಪಡಿಸುವ ಲೋಳೆಯಂಥ ಪದರ) ಗಂಟು ಜಾಸ್ತಿ ಇದ್ದಷ್ಟೂ ಡಿಎನ್‌ಎ ಉಂಡೆಯಾಗಿ ಬೇಗ ಓಡುತ್ತದೆ, ಏಣಿಯ ಮೆಟ್ಟಿಲಿನ ಹಾಗೆ ಬ್ಯಾಂಡ್ ಬರುತ್ತದೆ. ಆದರೆ ಎಷ್ಟು ಕಡೆ ಹಾಯುತ್ತದೆ ಅಂತ ತಿಳಿದ ಮಾತ್ರಕ್ಕೆ ಯಾವ ಗಂಟು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಡಿಎನ್‌ಎ ಮೇಲೆ ರೆಕ್‌ಎ ಪ್ರೋಟೀನ್ ಹೊದಿಸಿ ದಪ್ಪ ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಯಾವ ಎಳೆ ಮೇಲೆ, ಯಾವುದು ಕೆಳಗೆ ಅಂತ ಒಂದೊಂದಾಗಿ ನೋಡುತ್ತಾರೆ. ಆ ಫೋಟೋ ಹಾಕಿ, ಪಕ್ಕದಲ್ಲಿ ಭಿನ್ನರಾಶಿ ಬರೆಯಿರಿ, ಯಾರೂ ಕಣ್ಣು ತೆಗೆಯುವುದಿಲ್ಲ. ಇನ್ನೊಂದು ವಿಷಯ, ಪ್ರತಿ ಸುತ್ತಿನಲ್ಲೂ ಕಿಣ್ವ ಒಂದೇ ಕೆಲಸ ಮಾಡುತ್ತದೆ ಅನ್ನುವುದು ನಾವು ಇಟ್ಟುಕೊಂಡ ಊಹೆ. ಗಣಿತ ಅಲ್ಲಿಂದ ಮುಂದೆ ಶುರುವಾಗುತ್ತದೆ. ಪ್ರಶ್ನೆ ಕೇಳುವವರು ಇಲ್ಲೇ ಹಿಡಿಯುತ್ತಾರೆ, ಮೊದಲೇ ಹೇಳಿಬಿಡಿ.

ಕುಕ್ಕರಹಳ್ಳಿ_ಏರಿ

ಅಕ್ಕ, ನಾನು ಗಣಿತದ ಕಡೆಯವನು. ಮೇಷ್ಟ್ರು ಬೇರು ಒಂದೇ ಅಂದದ್ದು ಸರಿ, ಆದರೆ ಕೊಂಬೆಗಳು ಬಹಳ ದೂರ ಹೋಗಿವೆ. ಒಂದು ಸಂಖ್ಯೆಯ ಘನದಿಂದ 2 ಕಳೆದರೆ ಇನ್ನೊಂದರ ವರ್ಗ ಬರಬೇಕು ಅಂತಿಟ್ಟುಕೊಳ್ಳಿ. 3 ಮತ್ತು 5 ಸರಿಹೋಗುತ್ತದೆ, 27-2=25. ಇಂಥ ಜೋಡಿಗಳನ್ನೆಲ್ಲ ಗ್ರಾಫಿನಲ್ಲಿ ಗುರುತಿಸಿದರೆ ಒಂದು ವಕ್ರರೇಖೆ ಬರುತ್ತದೆ; (3, 5) ಬಿಂದುವಿನಲ್ಲಿ ಸ್ಪರ್ಶಕ ಎಳೆದರೆ ಅದು ಆ ವಕ್ರರೇಖೆಯನ್ನು ಮತ್ತೆ 129/100, 383/1000 ಅನ್ನುವಲ್ಲಿ ಕಡಿಯುತ್ತದೆ. ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿ, ಸರಿಯಾಗಿ ಬರುತ್ತದೆ. ಇಂಥ ವಕ್ರರೇಖೆಯ ಭಾಗಲಬ್ಧ ಬಿಂದುಗಳನ್ನೆಲ್ಲ ಕೆಲವೇ ಬಿಂದುಗಳಿಂದ ಹೀಗೆ ಗೆರೆ ಎಳೆದು ಪಡೆಯಬಹುದು ಅಂತ ಮೊರ್ಡೆಲ್ 1922ರಲ್ಲಿ ಸಾಧಿಸಿದರು. ಇನ್ನೂ ಜಟಿಲವಾದವುಗಳ ಮೇಲೆ ಭಾಗಲಬ್ಧ ಬಿಂದುಗಳು ಎಣಿಸಿ ಮುಗಿಯುವಷ್ಟೇ ಅಂತ 1983ರಲ್ಲಿ ಫಾಲ್ಟಿಂಗ್ಸ್. ರೂಮ್‌ಮೇಟ್ ಓದುತ್ತಿರುವುದು ಇದು. ಇದನ್ನು ಡಿಎನ್‌ಎ ಸೆಮಿನಾರಿಗೆ ಎಳೆದು ತರಬೇಡಿ, ನಿಮಗೆ ದಿಂಬು ಮತ್ತು ಹಗ್ಗ ಸಾಕು.

ಗಂಗೋತ್ರಿ_ಹಾಸ್ಟೆಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ, ಅರ್ಧ ಮಾಡಿ, ಒಂದಕ್ಕೆ ಅರಿಶಿನ ಬಳಿದು ನಾಲ್ಕು ಜನ ಮಾಡಿದೆವು. ಮೊದಲ ಸಲ ಒಬ್ಬಳು ಹಗ್ಗದ ಮೇಲಿಂದ ದಾಟಿದ್ದಕ್ಕೆ ಪೂರ್ತಿ ಕೆಟ್ಟಿತು. ಎರಡನೇ ಸಲ 0ಗೆ ಬಂದಾಗ ಎರಡು ಹಗ್ಗ ಹಾಗೇ ನೆಟ್ಟಗೆ ಬಿದ್ದವು, ಎಲ್ಲರೂ ಕಿರುಚಿಬಿಟ್ಟೆವು. ಮೇಷ್ಟ್ರೇ, ಒಂದೇ ಒಂದು ಪ್ರಶ್ನೆ. 2/3 ಮತ್ತು 8/3ಕ್ಕೆ ಎರಡು ಉಂಗುರ, 5/3 ಮತ್ತು 11/3ಕ್ಕೆ ಒಂದೇ ಉಂಗುರದ ಗಂಟು. ಅಂಶ ಸಮಸಂಖ್ಯೆ ಆದರೆ ಎರಡು, ಬೆಸ ಆದರೆ ಒಂದು ಅಂತ ನಿಯಮ ಇದೆಯಾ?

ಮದ್ದೂರು_ಮೇಷ್ಟ್ರು

ಇದೆ ಕಣಮ್ಮ, ನೀನೇ ಹಿಡಿದೆಯಲ್ಲ. ಯಾಕೆ ಅಂತ ದಿಂಬಿನ ಮೇಲೆ ಬರೆದು ನೋಡು: ನೂಲು ಯಾವ ಮೂಲೆಯಿಂದ ಹೊರಟು ಯಾವ ಮೂಲೆಗೆ ಹೋಗುತ್ತದೆ ಅಂತ ಅಂಶ, ಛೇದ ಎರಡರ ಸಮ ಬೆಸವೇ ತೀರ್ಮಾನಿಸುತ್ತದೆ. 2/3ಕ್ಕೂ 5/3ಕ್ಕೂ ಮಾಡಿ ಚಿತ್ರ ಹಾಕು ಇಲ್ಲಿ, ನೋಡುತ್ತೇನೆ.