ಪ್ರತಿ ಕಾಲಮ್‌ನ ಗರಿಷ್ಠ ಪಠ್ಯದ ಉದ್ದ: ಪಾಂಡಾಸ್ ಒಂದು ಹೇಳಿದರೆ ಮೈಎಸ್‌ಕ್ಯೂಎಲ್ ಇನ್ನೊಂದು ಹೇಳುತ್ತಿದೆ

ಪ್ರಶ್ನೆ
ನಮಸ್ಕಾರ. ಒಂದು ಸಿಎಸ್‌ವಿ ಫೈಲನ್ನು ಪಾಂಡಾಸ್ 2ರಲ್ಲಿ (ಪೈಥಾನ್‌ನ ದತ್ತಾಂಶ ಲೈಬ್ರರಿ) ಓದಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಹಾಕಬೇಕು. ವಾರ್‌ಚಾರ್ (ಪಠ್ಯ ಕಾಲಮ್‌ನ ಗರಿಷ್ಠ ಉದ್ದದ ಮಿತಿ) ಎಷ್ಟು ಕೊಡಬೇಕೆಂದು ತಿಳಿಯಲು ಎಲ್ಲ ಕಾಲಮ್‌ಗಳನ್ನೂ ಸ್ಟ್ರಿಂಗ್ ಮಾಡಿ ಗರಿಷ್ಠ ಉದ್ದ ತೆಗೆದೆ. ಪೂರ್ತಿ ಖಾಲಿ ಇರುವ 'ಷರಾ' ಕಾಲಮ್‌ಗೆ 3 ಬರುತ್ತಿದೆ! 'ಹೆಸರು' ಕಾಲಮ್‌ನಲ್ಲಿ ಕೃಷ್ಣ ಎಂಬ ಒಂದೇ ಸಾಲು ಇಟ್ಟು ನೋಡಿದರೆ ಪಾಂಡಾಸ್ 5 ಎನ್ನುತ್ತದೆ, ಮೈಎಸ್‌ಕ್ಯೂಎಲ್‌ನ ಲೆಂತ್ ಫಂಕ್ಷನ್ 15 ಎನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ
ಷರಾದ 3 ಎಲ್ಲಿಂದ ಬಂತೆಂದರೆ, ಖಾಲಿ ಕೋಶ 'ನ್ಯಾನ್' (nan, ಮೌಲ್ಯವಿಲ್ಲ ಎಂಬ ಗುರುತು) ಆಗಿ, ಸ್ಟ್ರಿಂಗ್ ಮಾಡಿದಾಗ ಮೂರಕ್ಷರದ ಇಂಗ್ಲಿಷ್ ಪದವಾಗಿಬಿಟ್ಟಿದೆ. ಓದುವಾಗಲೇ ಡಿಟೈಪ್ (dtype, ಕಾಲಮ್‌ನ ದತ್ತಾಂಶದ ಬಗೆ) ಅನ್ನು ಸ್ಟ್ರಿಂಗ್ ಎಂದು ಕೊಟ್ಟು, ಕೀಪ್_ಡಿಫಾಲ್ಟ್_ಎನ್‌ಎ (keep_default_na, ಖಾಲಿ ಕೋಶವನ್ನು ನ್ಯಾನ್ ಮಾಡುವ ಆಯ್ಕೆ) ಫಾಲ್ಸ್ ಮಾಡಿ. ಇದನ್ನು ದಯವಿಟ್ಟು ಬಿಡಬೇಡಿ: ಇಲ್ಲದಿದ್ದರೆ ನಡುವೆ ಖಾಲಿ ಇರುವ ಅಂಕಿ ಕಾಲಮ್‌ನಲ್ಲಿ 12 ಎಂಬುದು 12.0 ಆಗಿ ಉದ್ದ 4 ಆಗುತ್ತದೆ, ಖಾಲಿ ಇಲ್ಲದ ಅಂಕಿ ಕಾಲಮ್‌ನಲ್ಲೂ 007 ಬರೀ 7 ಆಗುತ್ತದೆ.

ಹೆಸರಿನ ವಿಷಯದಲ್ಲಿ ಎರಡೂ ಸರಿ, ಎಣಿಸುತ್ತಿರುವುದು ಬೇರೆ ಬೇರೆ. ಕೃಷ್ಣದಲ್ಲಿ ಕ, ಋ ಕಾರದ ಚಿಹ್ನೆ, ಷ, ಹಲಂತ ಚಿಹ್ನೆ (್), ಣ ಎಂದು ಐದು ಯೂನಿಕೋಡ್ ಬಿಂದುಗಳಿವೆ (ಪ್ರತಿ ಅಕ್ಷರ ಅಥವಾ ಚಿಹ್ನೆಗೆ ಒಂದೊಂದು ಸಂಕೇತ). ಯುಟಿಎಫ್-8ರಲ್ಲಿ (ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಇವುಗಳಲ್ಲಿ ಒಂದೊಂದಕ್ಕೂ 3 ಬೈಟ್, ಹಾಗಾಗಿ 15. ವಾರ್‌ಚಾರ್‌ನ ಆವರಣದಲ್ಲಿ ಕೊಡುವ ಸಂಖ್ಯೆ ಬೈಟ್ ಅಲ್ಲ, ಬಿಂದು. ಪಾಂಡಾಸ್‌ನ 5ನ್ನೇ ಹಿಡಿಯಿರಿ. ಮೈಎಸ್‌ಕ್ಯೂಎಲ್‌ನಲ್ಲೇ ತಾಳೆ ನೋಡಬೇಕಿದ್ದರೆ ಲೆಂತ್ ಬದಲು ಚಾರ್_ಲೆಂತ್ ಬಳಸಿ.

ಪ್ರಶ್ನೆ ಕೇಳಿದವರು
ಷರಾ ಈಗ 0 ತೋರಿಸುತ್ತಿದೆ, ಧನ್ಯವಾದ ಸರ್. ಇದೇ ಸಂಖ್ಯೆಯನ್ನು ಎಕ್ಸೆಲ್ ಕಾಲಮ್‌ನ ಅಗಲಕ್ಕೂ ಕೊಟ್ಟರೆ ನಡೆಯುತ್ತದೆಯೇ? ಕನ್ನಡ ಕಾಲಮ್‌ಗಳು ಸುಮ್ಮನೆ ಅಗಲವಾಗಿ ಕಾಣುತ್ತಿವೆ.

ಇನ್ನೊಬ್ಬರ ಉತ್ತರ
ಅಲ್ಲಿ ಈ ಎಣಿಕೆ ಕೆಲಸಕ್ಕೆ ಬಾರದು. ಐದು ಬಿಂದು ಇದ್ದರೂ ತೆರೆಯ ಮೇಲೆ ಕಾಣುವುದು ಎರಡೇ ಅಕ್ಷರ. ಎಕ್ಸೆಲ್‌ನ ಅಗಲದ ಮಾನ, ಡಿಫಾಲ್ಟ್ ಫಾಂಟಿನ ಒಂದು ಅಂಕಿಯ ಅಗಲ. ಆದ್ದರಿಂದ ಪಿಕ್ಸೆಲ್‌ನಲ್ಲೇ ಅಳೆಯಬೇಕು. ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋದ ಇಮೇಜ್‌ಫಾಂಟ್‌ನಲ್ಲಿ ಪಠ್ಯದ ಅಗಲ ಅಳೆಯುವ ಗೆಟ್‌ಲೆಂತ್ ಇದೆ, ಆದರೆ ರಾಕ್ಮ್ (Raqm, ಅಕ್ಷರ ಜೋಡಿಸುವ ಲೈಬ್ರರಿ) ಲೇಔಟ್ ಇದ್ದರೆ ಮಾತ್ರ ಒತ್ತಕ್ಷರ ಸರಿಯಾಗಿ ಕೂಡಿ ಅಗಲ ಸರಿ ಬರುತ್ತದೆ. ಕನ್ನಡ ಯಾವ ಫಾಂಟಿನಲ್ಲಿ ಕಾಣಿಸುತ್ತದೋ ಅದರಲ್ಲೇ ಅಳೆದು, ಬಂದ ಪಿಕ್ಸೆಲ್ಲನ್ನು ಡಿಫಾಲ್ಟ್ ಫಾಂಟಿನ ಅಂಕಿಯ ಅಗಲದಿಂದ ಭಾಗಿಸಿ, ಅಂಚಿಗೆಂದು ಸ್ವಲ್ಪ ಸೇರಿಸಿ.

ಅತಿ ಹೆಚ್ಚು ಬಿಂದುಗಳಿರುವ ಸಾಲೊಂದನ್ನೇ ಆರಿಸಿ ಅಳೆಯಬೇಡಿ, ಅದೇ ಅತಿ ಅಗಲದ್ದು ಆಗಿರಬೇಕೆಂದಿಲ್ಲ. ಪುನರಾವರ್ತನೆ ತೆಗೆದು ಉಳಿದ ಎಲ್ಲ ಮೌಲ್ಯಗಳನ್ನೂ ಅಳೆಯಿರಿ. ತಲೆಬರಹವನ್ನೂ ಜೊತೆಗೆ ಸೇರಿಸಿ: ಷರಾದಂಥ ಖಾಲಿ ಕಾಲಮ್‌ಗೆ ಅಗಲ ಸಿಗುವುದೇ ಅದರಿಂದ.